ಮಖಾದಿಂದ ಒಂದೂವರೆ ಮುಷ್ಟಿ ದೂರ

ಪ್ರಶ್ನೆ: ಭಾರತದ ಕಡೆಯಿಂದ ಒಂದು ನಕ್ಷತ್ರಕ್ಕೆ 'ಬಿಭಾ' ಎಂದೂ ಅದನ್ನು ಸುತ್ತುವ ಗ್ರಹಕ್ಕೆ 'ಸಂತಮಸ' ಎಂದೂ ಹೆಸರಿಟ್ಟಿದ್ದಾರಂತೆ. ಮಗಳು ಶಾಲೆಯಲ್ಲಿ ಕೇಳಿಕೊಂಡು ಬಂದಳು. ಮೂರು ರಾತ್ರಿ ತಾರಸಿ ಮೇಲೆ ನಿಂತು ಹುಡುಕಿದೆವು, ಸಿಗಲಿಲ್ಲ. ಅದು ಎಲ್ಲಿದೆ? ಕಣ್ಣಿಗೇ ಕಾಣದ ನಕ್ಷತ್ರವನ್ನು ನಮ್ಮ ದೇಶಕ್ಕೆ ಕೊಟ್ಟಿದ್ದು ಯಾಕೆ?

ಉತ್ತರ: ನೀವು ಹುಡುಕಿದ್ದರಲ್ಲಿ ತಪ್ಪಿಲ್ಲ. ಬರಿಗಣ್ಣಿಗೆ ಅದು ಯಾರಿಗೂ ಕಾಣುವುದಿಲ್ಲ. ಒಳ್ಳೆಯ ಕತ್ತಲಲ್ಲಿ ನಮ್ಮ ಕಣ್ಣು ಹಿಡಿಯಬಲ್ಲ ಅತಿ ಮಂಕು ನಕ್ಷತ್ರಕ್ಕಿಂತಲೂ ಬಿಭಾ ಸುಮಾರು 12 ಪಟ್ಟು ಮಂಕು. ಆದರೆ ಅದಿರುವ ಜಾಗವನ್ನು ನೀವು ಮಗಳಿಗೆ ಬೆರಳು ಮಾಡಿ ತೋರಿಸಬಹುದು. ಏಪ್ರಿಲ್ ಮೊದಲ ವಾರ ರಾತ್ರಿ 9ರ ಹೊತ್ತಿಗೆ ಸಿಂಹ ರಾಶಿಯ ಮಖಾ ನಕ್ಷತ್ರ ನೆತ್ತಿಯ ಹತ್ತಿರ ಬಂದಿರುತ್ತದೆ. ಮೊದಲು ಅದನ್ನು ಗುರುತಿಸಿ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ ಅಗಲ ಸಿಗುತ್ತದೆ, ಅಲ್ವಾ? ಮಖಾದಿಂದ ದಕ್ಷಿಣಕ್ಕೆ ಒಂದೂವರೆ ಮುಷ್ಟಿ ಅಳೆಯಿರಿ, ಚೂರು ಪಶ್ಚಿಮಕ್ಕೆ ಸರಿಯಿರಿ. ಖಾಲಿ ಕತ್ತಲಂತೆ ಕಾಣುವ ಆ ಜಾಗದಲ್ಲಿ ಬಿಭಾ ಇದೆ. ಸಣ್ಣ ದೂರದರ್ಶಕ ಇದ್ದರೆ ಸಾಕು, ಕಾಣುತ್ತದೆ. ಆದರೆ ಅಲ್ಲಿ ಅದೇ ಥರದ ಚುಕ್ಕೆಗಳು ಬೇರೆಯೂ ಇರುವುದರಿಂದ ನಕ್ಷತ್ರ ನಕ್ಷೆಯೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ನಕ್ಷೆಯಲ್ಲಿ ಅದರ ಹಳೆಯ ಹೆಸರೇ ಸಿಗುವ ಸಾಧ್ಯತೆ ಜಾಸ್ತಿ: ಎಚ್‌ಡಿ 86081.

ಮಂಕು ಅಂದ ಮಾತ್ರಕ್ಕೆ ಅದು ಸಣ್ಣದು ಅಂದುಕೊಳ್ಳಬೇಡಿ. ಸೂರ್ಯನ ಜಾತಿಯದೇ ನಕ್ಷತ್ರ, ಸೂರ್ಯನಿಗಿಂತ ಸ್ವಲ್ಪ ದೊಡ್ಡದು, ಸ್ವಲ್ಪ ಬಿಸಿ. ಆದರೆ ದೂರ ನೋಡಿ, ಸುಮಾರು 340 ಜ್ಯೋತಿರ್ವರ್ಷ. ನಮ್ಮ ಸೂರ್ಯನನ್ನು ತೆಗೆದುಕೊಂಡು ಹೋಗಿ ಅಲ್ಲಿಟ್ಟರೆ ಬಿಭಾಗಿಂತಲೂ ಮಂಕಾಗಿ ಕಾಣುತ್ತಾನೆ.

ಇನ್ನು ನಮಗೆ ಇದನ್ನೇ ಕೊಟ್ಟಿದ್ದು ಯಾಕೆ ಎಂಬ ಪ್ರಶ್ನೆ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟಕ್ಕೆ ನೂರು ವರ್ಷ ತುಂಬಿತು. ಆ ನೆನಪಿಗೆ ಒಂದೊಂದು ದೇಶಕ್ಕೂ ಒಂದು ನಕ್ಷತ್ರ, ಒಂದು ಗ್ರಹ ಹಂಚಿ, ಹೆಸರು ನೀವೇ ಹುಡುಕಿ ಎಂದರು. ಆ ದೇಶದಿಂದ ಕಾಣಬೇಕು, ಸಣ್ಣ ದೂರದರ್ಶಕಕ್ಕೆ ಸಿಗಬೇಕು, ಇಷ್ಟನ್ನು ನೋಡಿಕೊಂಡಿದ್ದರು. ಬರಿಗಣ್ಣಿಗೆ ಎದ್ದು ಕಾಣುವ ತೀರಾ ಪ್ರಕಾಶಮಾನ ನಕ್ಷತ್ರಗಳಿಗೆ ಹೆಚ್ಚಿನ ಪಾಲು ಆಗಲೇ ಹೆಸರಿವೆ. ನಮ್ಮಲ್ಲಿ ಭಾರತೀಯ ಖಗೋಳ ಸಂಘ ಜನರಿಂದ ಹೆಸರು ಕರೆದು ಮತ ಹಾಕಿಸಿತು. ಎರಡೂ ಹೆಸರು ಬಂದದ್ದು ವಿದ್ಯಾರ್ಥಿಗಳಿಂದ. ಸೂರತ್‌ನ ವಿದ್ಯಾರ್ಥಿಯೊಬ್ಬರು ನಕ್ಷತ್ರದ ಹೆಸರು ಸೂಚಿಸಿದರು, ಪುಣೆಯ ಶಾಲಾ ಹುಡುಗನೊಬ್ಬ ಗ್ರಹದ ಹೆಸರು. ನಿಮ್ಮ ಮಗಳಿಗೆ ಇದನ್ನು ಖಂಡಿತ ಹೇಳಿ.

ಪ್ರಶ್ನೆ: ನಕ್ಷತ್ರವೇ ಅಷ್ಟು ಮಂಕು ಅಂದ ಮೇಲೆ ಅದರ ಪಕ್ಕದ ಗ್ರಹ ಕಾಣಲು ಸಾಧ್ಯವೇ ಇಲ್ಲ. ಹಾಗಿದ್ದರೆ ಅದು ಇದೆ ಎಂದು ಹೇಗೆ ಹೇಳುತ್ತಾರೆ? ಊಹೆಯೇ?

ಉತ್ತರ: ಊಹೆ ಅಲ್ಲ, ಅಳತೆ. ಚಿಕ್ಕ ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿ ನೋಡಿ. ಮಗು ದೊಡ್ಡ ಸುತ್ತು ಹೊಡೆಯುತ್ತದೆ, ಆದರೆ ನೀವೂ ನಿಂತಲ್ಲೇ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿ ಸಣ್ಣದೊಂದು ಸುತ್ತು ಹಾಕುತ್ತಿರುತ್ತೀರಿ. ಕತ್ತಲಲ್ಲಿ ಮಗು ಕಾಣದಿದ್ದರೂ ನಿಮ್ಮ ಓಲಾಟ ನೋಡಿದವರಿಗೆ ಗೊತ್ತಾಗುತ್ತದೆ, ಕೈಯಲ್ಲಿ ಏನೋ ಇದೆ ಎಂದು. ಬಿಭಾ ಹಾಗೆ ಓಲಾಡುತ್ತಿದೆ. ನಮ್ಮ ಕಡೆಗೆ ಬರುವಾಗ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳು ಕೂದಲೆಳೆಯಷ್ಟು ನೀಲಿಯ ಕಡೆಗೆ, ದೂರ ಹೋಗುವಾಗ ಕೆಂಪಿನ ಕಡೆಗೆ ಸರಿಯುತ್ತವೆ. ಅದರಿಂದ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 200 ಮೀಟರ್. ಹೋಲಿಕೆಗೆ ಹೇಳಬೇಕೆಂದರೆ ನಮ್ಮ ಗುರು ಗ್ರಹ ಸೂರ್ಯನನ್ನು ಅಲ್ಲಾಡಿಸುವುದು ಸೆಕೆಂಡಿಗೆ 12-13 ಮೀಟರ್ ಅಷ್ಟೇ.

ಈ ಓಲಾಟ ಎರಡು ದಿನ ಮೂರು ಗಂಟೆಗೊಮ್ಮೆ ಮರುಕಳಿಸುತ್ತದೆ. ಅಂದರೆ ಸಂತಮಸದ ಒಂದು ವರ್ಷ ಅಷ್ಟೇ ಉದ್ದ! ಅದರ ತೂಕ ಕಡಿಮೆ ಎಂದರೂ ಗುರುವಿನ ಒಂದೂವರೆ ಪಟ್ಟು. ಇಷ್ಟು ದೊಡ್ಡ ಗ್ರಹ ನಕ್ಷತ್ರದಿಂದ ಸುಮಾರು 50 ಲಕ್ಷ ಕಿಲೋಮೀಟರ್ ದೂರದಲ್ಲಿ ಸುತ್ತುತ್ತಿದೆ. ನಮ್ಮ ಬುಧನೇ ಸೂರ್ಯನಿಂದ ಸರಾಸರಿ 5.8 ಕೋಟಿ ಕಿಲೋಮೀಟರ್ ದೂರದಲ್ಲಿರುವಾಗ ಇದು ಎಂಥ ಹತ್ತಿರ ಎಂದು ಯೋಚಿಸಿ. ಆಗಲೇ ಮಖಾದಿಂದ ಒಂದೂವರೆ ಮುಷ್ಟಿ ಅಳೆದಿರಲ್ಲ, ಸಂತಮಸದ ಬಳಿ ನಿಂತು ನೋಡಿದರೆ ಬಿಭಾ ಒಂದೇ ಸರಿಸುಮಾರು ಅಷ್ಟು ಅಗಲ ಕಾಣುತ್ತದೆ. ನಮ್ಮ ಸೂರ್ಯ ಅರ್ಧ ಡಿಗ್ರಿ. ಅಲ್ಲಿನ ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ ಎಂಬುದು ಲೆಕ್ಕಾಚಾರ. ನೆಲ ಅಂತೇನೂ ಇಲ್ಲ, ಎಲ್ಲ ಅನಿಲ. ಇಂಥವನ್ನು 'ಬಿಸಿ ಗುರು' ಎನ್ನುತ್ತಾರೆ. ಸಂತಮಸ ಪತ್ತೆಯಾದದ್ದು 2006ರಲ್ಲಿ.

ಒಂದು ವಿಷಯ ನನಗೆ ಯಾವಾಗಲೂ ರೋಮಾಂಚನ ತರುತ್ತದೆ. ಇವತ್ತು ನಮ್ಮ ದೂರದರ್ಶಕಕ್ಕೆ ಬೀಳುವ ಬಿಭಾದ ಬೆಳಕು ಅಲ್ಲಿಂದ ಹೊರಟದ್ದು ಹೆಚ್ಚುಕಡಿಮೆ ನ್ಯೂಟನ್ ಗುರುತ್ವದ ನಿಯಮ ಪ್ರಕಟಿಸಿದ ಕಾಲದಲ್ಲಿ, 1687ರ ಆಸುಪಾಸು. ಆ ಬೆಳಕು ದಾರಿಯಲ್ಲಿರುವಾಗಲೇ, ಅದನ್ನು ಓದಲು ಬೇಕಾದ ವಿದ್ಯೆಯನ್ನು ಇಲ್ಲಿ ಮನುಷ್ಯರು ಒಂದೊಂದಾಗಿ ಕಲಿತುಕೊಂಡರು.

ಪ್ರಶ್ನೆ: ದುಡ್ಡು ಕೊಟ್ಟರೆ ನಕ್ಷತ್ರಕ್ಕೆ ನಮ್ಮ ಹೆಸರಿಡುತ್ತೇವೆ ಎಂಬ ಜಾಹೀರಾತು ನೋಡಿದೆ. ನಂಬಬಹುದೇ?

ಉತ್ತರ: ಬೇಡ. ಖಗೋಳ ಒಕ್ಕೂಟ ಹೆಸರು ಮಾರುವುದಿಲ್ಲ. ಬೇರೆಯವರು ಕೊಡುವ ಪ್ರಮಾಣಪತ್ರವನ್ನು ಯಾವ ವಿಜ್ಞಾನಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: 'ಬಿಭಾ' ಎಂದರೆ ಏನು? ಯಾರಾದರೂ ವ್ಯಕ್ತಿಯ ಹೆಸರೇ?

ಉತ್ತರ: ಎರಡೂ ಹೌದು. ನಮ್ಮ 'ವಿಭಾ' ಬಂಗಾಳಿಯ ಬಾಯಲ್ಲಿ 'ಬಿಭಾ'. ಬೆಳಕಿನ ಕಿರಣ ಎಂದರ್ಥ. ಸಂತಮಸದಲ್ಲಿ ನಮಗೆ ಗೊತ್ತಿರುವ 'ತಮಸ್ಸು' ಇದೆ, ಗ್ರಹದ ಮುಸುಕಿದ ವಾತಾವರಣಕ್ಕೆ ಒಪ್ಪುವ ಹೆಸರು.

ಆ ವ್ಯಕ್ತಿ ಭೌತವಿಜ್ಞಾನಿ ಬಿಭಾ ಚೌಧುರಿ. ಹುಟ್ಟಿದ್ದು 1913, ಕೋಲ್ಕತ್ತದಲ್ಲಿ. ಹಿರಿಯ ವಿಜ್ಞಾನಿ ಡಿ. ಎಂ. ಬೋಸ್ ಅವರ ಜೊತೆ ಸೇರಿ ಡಾರ್ಜಿಲಿಂಗ್, ಸಂದಕ್‌ಫುನಂಥ ಎತ್ತರದ ಜಾಗಗಳಲ್ಲಿ ಫೋಟೋ ಪ್ಲೇಟುಗಳನ್ನು ತಿಂಗಳುಗಟ್ಟಲೆ ಇಟ್ಟರು. ಆಕಾಶದಿಂದ ಬರುವ ವಿಶ್ವಕಿರಣಗಳು, ಅಂದರೆ ಅತಿ ವೇಗದ ಕಣಗಳು, ಪ್ಲೇಟಿನ ಮೇಲೆ ಗೀರು ಬಿಡುತ್ತವೆ. ಪ್ಲೇಟು ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಗೀರಿನಲ್ಲಿರುವ ಚುಕ್ಕೆಗಳನ್ನು ಎಣಿಸಿ, ಅದು ಎಷ್ಟು ಬಾಗಿದೆ ಎಂದು ಅಳೆದು, ಬಂದ ಕಣದ ತೂಕ ಎಷ್ಟೆಂದು ಹೇಳಬೇಕಿತ್ತು. ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ತೂಕದ ಕಣಗಳ ಗುರುತು ಅವರಿಗೆ ಸಿಕ್ಕಿತು. 1940ರ ದಶಕದ ಮೊದಲಲ್ಲೇ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಮಹಾಯುದ್ಧ. ಇನ್ನೂ ಒಳ್ಳೆಯ ಪ್ಲೇಟುಗಳು ಬೇಕಿತ್ತು, ಭಾರತಕ್ಕೆ ಅವು ಬರಲಿಲ್ಲ, ಕೆಲಸ ನಿಂತುಹೋಯಿತು. ಅದೇ ವಿಧಾನದಲ್ಲಿ, ಉತ್ತಮ ಪ್ಲೇಟುಗಳೊಂದಿಗೆ, ಬ್ರಿಟನ್ನಿನ ಸೆಸಿಲ್ ಪೊವೆಲ್ ತಂಡ 1947ರಲ್ಲಿ ಪೈ-ಮೆಸಾನ್ ಎಂಬ ಕಣವನ್ನು ಕಂಡುಹಿಡಿಯಿತು. ಪೊವೆಲ್‌ಗೆ 1950ರಲ್ಲಿ ನೊಬೆಲ್ ಬಂತು. ಬಿಭಾ ಅವರ ಹೆಸರು ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತಿತ್ತು ಹೇಳಿ? ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಮ್ಯಾಂಚೆಸ್ಟರಿನಲ್ಲಿ ಪಿಎಚ್‌ಡಿ ಮಾಡಿ ಬಂದ ಮೇಲೆ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿನ ಮೊದಲ ಮಹಿಳಾ ಸಂಶೋಧಕಿ ಅವರೇ. ಮುಂದೆ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ಕಣ ಪ್ರಯೋಗಗಳಲ್ಲೂ ಕೈಜೋಡಿಸಿದರು. ಬೆಟ್ಟದ ತುದಿಯಿಂದ ಗಣಿಯ ಒಡಲಿನವರೆಗೆ ಅವರು ಹುಡುಕಿದ್ದು ಕಣ್ಣಿಗೆ ಕಾಣದ ಕಣಗಳನ್ನೇ. ಅವರು ತೀರಿಕೊಂಡದ್ದು 1991ರಲ್ಲಿ. ಸೂರ್ಯನಂಥ ನಕ್ಷತ್ರವೊಂದರ ಸುತ್ತ ಗ್ರಹವಿದೆ ಎಂದು ಮೊದಲ ಬಾರಿ ಗೊತ್ತಾದದ್ದು ಅದಾಗಿ ನಾಲ್ಕು ವರ್ಷಕ್ಕೆ.