ಕಾಲೇಜು ಪಂದ್ಯದಲ್ಲಿ ಬಿಯರ್ ಮಾರಲಿ, ಆದರೆ ಕನ್ನಡ ಸಂಘ ಮಾರುವುದು ಬೇಡ

ನೀವು ಅಮೆರಿಕದಲ್ಲಿ ಓದುತ್ತಿರುವ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯಗಳಲ್ಲಿ ಬಿಯರ್ ಮಾರಾಟಕ್ಕೆ ಒಪ್ಪಿಗೆ ಕೊಡಬೇಕೆ ಎಂಬ ಚರ್ಚೆ ನಡೆದಿದೆ, ವಿದ್ಯಾರ್ಥಿ ಸಮಿತಿಯಲ್ಲಿರುವ ನೀವು ಯಾವ ಕಡೆ ಮತ ಹಾಕಬೇಕು ಎಂದು ಕೇಳಿದ್ದೀರಿ. ಒಪ್ಪಿಗೆ ಸಿಕ್ಕರೆ ನಿಮ್ಮ ಕನ್ನಡ ಸಂಘಕ್ಕೂ ಒಂದು ಮಳಿಗೆ ಸಿಗುತ್ತದೆ, ರಾಜ್ಯೋತ್ಸವದ ಖರ್ಚು ಗಿಟ್ಟುತ್ತದೆ ಎಂದೂ ಸೇರಿಸಿದ್ದೀರಿ. ಆ ಕೊನೆಯ ಮಾತು ಓದಿಯೇ ನಾನು ಬರೆಯಲು ಕುಳಿತದ್ದು.

2017ರಲ್ಲಿ ನಾನೂ ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದೆ. ಕ್ರೀಡಾಂಗಣದ ತಿಂಡಿ, ಪಾನೀಯದ ಮಳಿಗೆಗಳನ್ನು ಲಾಭದ ಉದ್ದೇಶವಿಲ್ಲದ ಸಂಘಗಳಿಗೆ ವಹಿಸುವ ಪದ್ಧತಿ ನಿಮಗೆ ಗೊತ್ತೇ ಇದೆ. ದುಡಿಯುವವರಿಗೆ ಸಂಬಳವಿಲ್ಲ, ಮಾರಾಟದ ಒಂದು ಪಾಲು ಸಂಘದ ಖಾತೆಗೆ. ಬಿಯರ್ ಮಳಿಗೆಯಲ್ಲಿ ಪಾಲು ಹೆಚ್ಚು ಬರುತ್ತದೆ ಎಂದು ನಮ್ಮ ಖಜಾಂಚಿ ಅದನ್ನೇ ಕೇಳಿ ಪಡೆದಿದ್ದರು. ಜೀವನದಲ್ಲಿ ಬಿಯರ್ ರುಚಿ ನೋಡದ ನಾನು ಕಂಪ್ಯೂಟರ್ ಮುಂದೆ ಒಂದು ಸಂಜೆ ತರಬೇತಿ ಮುಗಿಸಿ, ಪ್ರಮಾಣಪತ್ರ ಮುದ್ರಿಸಿಕೊಂಡು, ಕಪ್ಪು ಏಪ್ರನ್ ಕಟ್ಟಿಕೊಂಡು ನಿಂತೆ.

ಅಕ್ಟೋಬರ್ ಮಧ್ಯದ ಶನಿವಾರ, ಪಂದ್ಯದ ಅರ್ಧ ವಿರಾಮ. ಸಾಲು ಶೌಚಾಲಯದ ಬಾಗಿಲವರೆಗೂ ಬೆಳೆದಿತ್ತು. ನಲ್ಲಿಯಿಂದ ನೊರೆಯೇ ಬರುತ್ತಿತ್ತು, ಕೌಂಟರ್ ಅಂಟಂಟಾಗಿತ್ತು, ಹಿಂದಿನಿಂದ ಯಾರೋ ಬೇಗ ಬೇಗ ಎನ್ನುತ್ತಿದ್ದರು. ಒಬ್ಬ ಹುಡುಗ ಚಾಲನಾ ಪರವಾನಗಿ ಚಾಚಿದ. ಅಲ್ಲಿ 21 ತುಂಬದವರಿಗೆ ಬಿಯರ್ ಮಾರುವಂತಿಲ್ಲ. ಅಂಥವರ ಕಾರ್ಡನ್ನು ನಿಲುವಾಗಿ ಮುದ್ರಿಸುತ್ತಾರೆ, ದೊಡ್ಡವರದು ಅಡ್ಡ. ಆದರೆ 21 ತುಂಬಿದ ಮೇಲೂ ಹೊಸದು ಮಾಡಿಸುವ ತನಕ ಹಲವರ ಕಿಸೆಯಲ್ಲಿ ನಿಲುವು ಕಾರ್ಡೇ ಇರುತ್ತದೆ. ಹಾಗಾಗಿ ಅದರ ಮೇಲಿನ ಇನ್ನೊಂದು ಸಾಲನ್ನು ಓದಬೇಕು: ಯಾವ ತಾರೀಕಿನವರೆಗೆ ಈತ 21ರ ಒಳಗಿನವನು ಎಂಬ ಸಾಲು. ಅವನ ಕಾರ್ಡಿನಲ್ಲಿ 11-04-2017 ಎಂದಿತ್ತು. ನಾನು ಓದಿದೆ: ಏಪ್ರಿಲ್ ಹನ್ನೊಂದು. ಆಗಲೇ ಆರು ತಿಂಗಳು ಕಳೆದಿದೆ. ಲೋಟ ತುಂಬಿಸಿ ಕೊಟ್ಟೆ.

ಅದು ನವೆಂಬರ್ ನಾಲ್ಕು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ಅಷ್ಟರಲ್ಲಿ ಬ್ಯಾಂಕು, ಬಾಡಿಗೆ ಕರಾರು, ಪ್ರಯೋಗಾಲಯದ ದಾಖಲೆ ಎಲ್ಲದರಲ್ಲೂ ತಿಂಗಳನ್ನೇ ಮೊದಲು ಬರೆಯುತ್ತಿದ್ದೆ. ಆದರೆ ಬರೆಯುವಾಗ ಕೈ ಯೋಚಿಸುತ್ತದೆ. ಗಡಿಬಿಡಿಯಲ್ಲಿ ಓದುವ ಕಣ್ಣು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕ್ರಮಕ್ಕೇ ಓಡುತ್ತದೆ. ಅದೇ ಹುಡುಗ 11-24ಕ್ಕೆ ಹುಟ್ಟಿದ್ದರೆ ನಾನು ಎಡವುತ್ತಿರಲಿಲ್ಲ, ಏಕೆಂದರೆ ಇಪ್ಪತ್ತನಾಲ್ಕನೆಯ ತಿಂಗಳು ಎಂಬುದಿಲ್ಲ. ತಾರೀಕು ಹನ್ನೆರಡರೊಳಗಿದ್ದರೆ ಮಾತ್ರ ಈ ಹೊಂಡ. ತರಬೇತಿಯಲ್ಲಿ ನಕಲಿ ಕಾರ್ಡು ಗುರುತಿಸುವುದನ್ನು ಹೇಳಿಕೊಟ್ಟಿದ್ದರು, ಕುಡಿದು ತೂರಾಡುವವನನ್ನು ನಯವಾಗಿ ಹಿಂದೆ ಕಳಿಸುವುದನ್ನು ಹೇಳಿಕೊಟ್ಟಿದ್ದರು. ಅಸಲಿ ಕಾರ್ಡನ್ನು ಪ್ರಾಮಾಣಿಕವಾಗಿ ತಪ್ಪು ಓದುವವನ ಬಗ್ಗೆ ಅಮೆರಿಕನ್ನರಿಗೆ ಹೊಳೆಯುವುದಾದರೂ ಹೇಗೆ!

ಕಂಬದ ಪಕ್ಕ ಸಾದಾ ಬಟ್ಟೆಯಲ್ಲಿದ್ದ ಅಧಿಕಾರಿ ಹುಡುಗನನ್ನು ತಡೆದು ಕಾರ್ಡು ನೋಡಿದರು, ಆಮೇಲೆ ನನ್ನ ಹತ್ತಿರ ಬಂದರು. ದಂಡದ ಚೀಟಿ ಬಂದದ್ದು ಸಂಘದ ಹೆಸರಿಗಲ್ಲ, ವಿಶ್ವವಿದ್ಯಾಲಯದ ಹೆಸರಿಗೂ ಅಲ್ಲ, ಲೋಟ ಕೊಟ್ಟವನ ಹೆಸರಿಗೆ. ನ್ಯಾಯಾಲಯಕ್ಕೆ ಹೋದೆ, ದಂಡ ಕಟ್ಟಿದೆ. ಸಂಘದ ಮಳಿಗೆ ಕೈತಪ್ಪಿತು. ಮುಂದೆ ವೀಸಾ ಮುದ್ರೆಗೆಂದು ಚೆನ್ನೈಗೆ ಹೋದಾಗ ಆ ಕಾಗದಪತ್ರಗಳ ಕಡತ ಬಗಲಲ್ಲೇ ಇತ್ತು. ಅಪ್ಪನಿಗೆ ಅದು ಸಂಚಾರ ನಿಯಮದ ದಂಡ ಎಂದು ಹೇಳಿದ್ದೆ.

ಇಷ್ಟಾದರೂ ನಾನು ಮಾರಾಟದ ಪರ. ಬಿಯರನ್ನು ಒಳಗೆ ಬಿಟ್ಟರೆ ಕುಡಿತ ಹೆಚ್ಚುತ್ತದೆಯೇ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಪಂದ್ಯದ ದಿನ ಬೆಳಿಗ್ಗೆ ವಾಹನ ನಿಲುಗಡೆಯ ಬಯಲಿಗೆ ಹೋಗಿ ನೋಡಿ. ಟೇಲ್‌ಗೇಟ್ ಹೆಸರಿನಲ್ಲಿ ಕಾರಿನ ಹಿಂಬಾಗಿಲು ತೆರೆದು, ಕೆಂಡದ ಮೇಲೆ ಮಾಂಸ ಸುಡುತ್ತಾ, ಐಸ್ ಪೆಟ್ಟಿಗೆಗೆ ಕೈ ಹಾಕುತ್ತಾ ಕುಳಿತವರಿಗೆ ಯಾರೂ ಕಾರ್ಡು ಕೇಳುವುದಿಲ್ಲ. ಒಳಗೆ ಸಿಗುವುದಿಲ್ಲವೆಂದು ಗೇಟು ದಾಟುವ ಮೊದಲೇ ಗಂಟಲವರೆಗೆ ಇಳಿಸಿಕೊಂಡು ಬರುತ್ತಾರೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2011ರಲ್ಲಿ ಒಳಗೆ ಬಿಯರ್ ಮಾರಲು ಶುರು ಮಾಡಿತು. ಜೊತೆಗೆ ಅರ್ಧ ವಿರಾಮದಲ್ಲಿ ಹೊರಗೆ ಹೋಗಿ ಕುಡಿದು ಮರಳುವ ದಾರಿಯನ್ನೂ ಮುಚ್ಚಿತು. ಪಂದ್ಯದ ದಿನ ಪೊಲೀಸರ ಮುಂದೆ ಬರುವ ಪ್ರಕರಣಗಳು ಕಡಿಮೆಯಾದವು. ಎರಡನೆಯ ಹೆಜ್ಜೆ ಇಲ್ಲದೆ ಮೊದಲನೆಯದನ್ನು ಮಾತ್ರ ಇಟ್ಟರೆ ಹೊರಗಿನ ಕುಡಿತದ ಮೇಲೆ ಒಳಗಿನದೂ ಸೇರುತ್ತದೆ, ಅಷ್ಟೇ.

ದಕ್ಷಿಣದ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟವಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ 2019ರಲ್ಲಿ ಕ್ರೀಡಾಂಗಣದಲ್ಲಿ ಮದ್ಯ ಮಾರಾಟದ ನಿಷೇಧ ಸಡಿಲಿಸಿದಾಗ ಹಾಕಿದ ಷರತ್ತುಗಳನ್ನು ನಿಮ್ಮ ಸಮಿತಿಗೆ ಓದಿ ಹೇಳಿ: ಬಿಯರ್, ವೈನ್ ಮಾತ್ರ, ಆಸನಗಳ ನಡುವೆ ಹೊತ್ತು ಮಾರುವಂತಿಲ್ಲ, ಫುಟ್‌ಬಾಲಿನಲ್ಲಿ ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿದ ಮೇಲೆ ಮಾರಾಟ ಬಂದ್. ಮಿಷಿಗನ್‌ನಲ್ಲಿ 2023ರಲ್ಲಿ ಕಾನೂನನ್ನೇ ಬದಲಿಸಿ, ಲಕ್ಷ ಜನ ಹಿಡಿಸುವ ಕ್ರೀಡಾಂಗಣದಲ್ಲಿ ಮರುವರ್ಷ ಬಿಯರ್ ತಂದರು. ಗಾಳಿ ಆ ಕಡೆಗೇ ಬೀಸುತ್ತಿದೆ, ನಿಮ್ಮೊಬ್ಬರ ಮತದಿಂದ ನಿಲ್ಲುವುದಿಲ್ಲ.

ವಿದ್ಯಾರ್ಥಿಗಳ ಸಂತೋಷಕ್ಕಾಗಿ ಎಂದು ಯಾರಾದರೂ ವಾದಿಸಿದರೆ ಮಾತ್ರ ನಗಬೇಕು. 1984ರ ಕೇಂದ್ರ ಕಾನೂನಿನಿಂದಾಗಿ ಎಲ್ಲ ರಾಜ್ಯಗಳಲ್ಲೂ ಮದ್ಯ ಕೊಳ್ಳುವ ವಯಸ್ಸು 21ಕ್ಕೆ ನಿಂತಿದೆ. ಇಳಿಸಿದರೆ ಕೇಂದ್ರದ ಹೆದ್ದಾರಿ ಅನುದಾನ ಕಡಿತವಾಗುವ ಭಯ ರಾಜ್ಯಗಳಿಗೆ. ಹದಿನೆಂಟಕ್ಕೆ ಕಾಲೇಜು ಸೇರಿದ ಹುಡುಗ ಬಹುಪಾಲು ಪಂದ್ಯಗಳನ್ನು ಬರಿಬಾಯಲ್ಲೇ ನೋಡಬೇಕು. ಕೊಳ್ಳುವವರು ಹಳೆಯ ವಿದ್ಯಾರ್ಥಿಗಳು, ಪೋಷಕರು, ಊರಿನವರು. ಕಾಲೇಜಿನ ಕ್ರೀಡಾಕೂಟವೆಂದರೆ ಕಿತ್ತಳೆ ತೊಳೆ, ಗ್ಲೂಕೋಸ್ ನೀರು ಎಂದುಕೊಂಡು ಬೆಳೆದ ನನ್ನಂಥವನಿಗೆ ಇದು ಅರಗಲು ಹೊತ್ತು ಹಿಡಿಯಿತು.

ಆದ್ದರಿಂದ ಪರವಾಗಿ ಮತ ಹಾಕಿ, ಆದರೆ ಬಿಯರ್ ಮಳಿಗೆಗೆ ಸಂಬಳದ ಸಿಬ್ಬಂದಿಯನ್ನೇ ನಿಲ್ಲಿಸಬೇಕು ಎಂಬ ಷರತ್ತು ಸೇರಿಸಿ. ಕಾರ್ಡು ನೋಡಿ ಕೈಪಟ್ಟಿ ಕಟ್ಟುವ ಮೇಜು ಬೇರೆ ಇರಲಿ, ಅಲ್ಲಿ ಸ್ಕ್ಯಾನರ್ ಇರಲಿ. ವಯಸ್ಸಿನ ಲೆಕ್ಕ ಯಂತ್ರ ಹಾಕಲಿ. ವಿದ್ಯಾರ್ಥಿ ವೀಸಾದ ಮೇಲಿರುವ ಹುಡುಗರನ್ನು ಆ ಕೌಂಟರಿನ ಹತ್ತಿರ ಬಿಡಬೇಡಿ, ಖಜಾಂಚಿ ಎಷ್ಟೇ ಗೋಗರೆದರೂ ಸರಿ. ಸಂಘಕ್ಕೆ ಹಾಟ್‌ಡಾಗ್ ಮಳಿಗೆ ಕೇಳಿ. ಸಸ್ಯಾಹಾರಿಗಳು ಅದನ್ನು ಮುಟ್ಟಲು ತಕರಾರು ತೆಗೆಯುತ್ತಾರೆ, ಅವರನ್ನು ಪಾಪ್‌ಕಾರ್ನ್ ಯಂತ್ರಕ್ಕೆ ಹಾಕಿ.