ರೀಮಾಸ್ಟರ್ ಎಸ್‌ಎಸಿಡಿ (ಸೂಪರ್ ಆಡಿಯೊ ಸಿಡಿ) ಹಳೇ ಸಿಡಿಗಿಂತ ಜೋರು, ಆದರೆ ಕಿವಿ ದಣಿಯುತ್ತೆ, ಯಾಕೆ?

ನೀವು ಕೇಳ್ತಿರೋದು ಬಹುಶಃ ಎಸ್‌ಎಸಿಡಿನೇ ಅಲ್ಲ, ಅದೇ ಡಿಸ್ಕ್‌ನಲ್ಲಿರೋ ಸಿಡಿ ಪದರ. ಆಂಪ್‌ಗೆ ಆಪ್ಟಿಕಲ್ ಕೇಬಲ್ ಹಾಕಿದ್ದೀನಿ ಅಂದಿದ್ದೀರಲ್ಲ, ಆ ದಾರಿಯಲ್ಲಿ ಡಿಎಸ್‌ಡಿ, ಅಂದರೆ ಎಸ್‌ಎಸಿಡಿ ಪದರದ ಡಿಜಿಟಲ್ ಸಿಗ್ನಲ್, ಹೋಗೋದಿಲ್ಲ. ಪ್ಲೇಯರ್ ಮಾಡೆಲ್ ಬರೆದಿಲ್ಲ, ಹಾಗಾಗಿ ನೂರಕ್ಕೆ ನೂರು ಇದೇ ಅನ್ನಲಾರೆ.

ಮೊದಲು ಪ್ಲೇಯರ್ ಡಿಸ್‌ಪ್ಲೇ ನೋಡಿ. ‘ಸಿಡಿ’ ಅಂತಿದ್ದರೆ ಮೆನುವಿನಲ್ಲಿ ಎಸ್‌ಎಸಿಡಿ ಸ್ಟೀರಿಯೊ ಆರಿಸಿ, ಆಪ್ಟಿಕಲ್ ಬಿಚ್ಚಿ ಆರ್‌ಸಿಎ (ಎಡ-ಬಲದ ಅನಲಾಗ್ ಕೇಬಲ್) ಹಾಕಿ.

ಎರಡೂ ಪದರದಲ್ಲಿ ಒಂದೇ ಮಾಸ್ಟರ್ (ಡಿಸ್ಕ್‌ಗಾಗಿ ಸಿದ್ಧಪಡಿಸಿದ ಅಂತಿಮ ಧ್ವನಿ) ಇರುತ್ತೆ ಅಂದುಕೊಳ್ಳಬೇಡಿ. ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದ ಮೂನ್’ 2003ರ ಹೈಬ್ರಿಡ್ (ಎರಡೂ ಪದರ ಇರೋ) ಡಿಸ್ಕ್‌ನಲ್ಲಿ ಸಿಡಿ ಪದರವನ್ನು ಎಸ್‌ಎಸಿಡಿ ಪದರಕ್ಕಿಂತ ಹೆಚ್ಚು ಕಂಪ್ರೆಸ್ ಮಾಡಿದ್ದಾರೆ, ಅಂದರೆ ಮೆಲ್ಲಗಿನ ಸದ್ದಿಗೂ ಜೋರು ಸದ್ದಿಗೂ ಇರೋ ಅಂತರ ಕಮ್ಮಿ ಮಾಡಿದ್ದಾರೆ. ನಿಮ್ಮದನ್ನೂ ನೋಡಬಹುದು: ಸಿಡಿ ಪದರ ಮತ್ತು ಹಳೇ ಸಿಡಿ ಎರಡನ್ನೂ ಕಂಪ್ಯೂಟರಿಗೆ ಇಳಿಸಿ, ಒಂದೇ ಹಾಡನ್ನು ಆಡಾಸಿಟಿ ಅನ್ನೋ ಆಡಿಯೊ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಅಲೆಗಳ ತುದಿ ಕತ್ತರಿ ಹಾಕಿದ ಬೇಲಿ ಗಿಡದ ಹಾಗೆ ಸಮತಟ್ಟಾಗಿದ್ದರೆ ಕಿವಿ ದಣಿಯೋದಕ್ಕೆ ಕಾರಣ ಸಿಕ್ಕಿತು. ಎಸ್‌ಎಸಿಡಿ ಪದರವನ್ನು ಮಾತ್ರ ಕಂಪ್ಯೂಟರ್ ಡ್ರೈವ್ ಓದೋದಿಲ್ಲ.

ಅದನ್ನು ಕಿವಿಯಲ್ಲೇ ಅಳೀಬೇಕು. ಇಲ್ಲೇ ಎಲ್ಲರೂ ಎಡವೋದು, ನಾನೂ ಎಡವಿದ್ದೆ: ಸ್ವಲ್ಪ ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುತ್ತೆ. ಎಸ್‌ಎಸಿಡಿ ಸಾಮಾನ್ಯವಾಗಿ ಮೆಲ್ಲಗಿರುತ್ತೆ. ಕೂರೋ ಜಾಗದಲ್ಲಿ ಫೋನ್ ಅಲ್ಲಾಡದಂತೆ ಇಟ್ಟು, ಡೆಸಿಬೆಲ್ ಆಪ್‌ನಲ್ಲಿ ಎಸ್‌ಎಸಿಡಿ, ಹಳೇ ಸಿಡಿ ಎರಡರಲ್ಲೂ ಹಾಡಿನ ಅದೇ 30 ಸೆಕೆಂಡಿನ ಸರಾಸರಿ ನೋಡಿ, ವಾಲ್ಯೂಮ್ ಸಮ ಮಾಡಿ. ಯಾವ ಡಿಸ್ಕ್ ಅಂತ ಹೇಳದೆ ಮನೆಯವರಿಂದ ಹತ್ತು ಸಲ ಹಾಕಿಸಿ, ಊಹೆ ಬರೆದಿಡಿ. ಹತ್ತರಲ್ಲಿ ಒಂಬತ್ತು ಸರಿ ಬಂದರೆ ವ್ಯತ್ಯಾಸ ನಿಜ. ಐದಾರಾದರೆ ಹಳೇ ಸಿಡಿಯೇ ಸಾಕು.