ಸೋಮವಾರ ಕಾಂಕ್ರೀಟ್ ಹಾಕಬಾರದು

ನೀವು ಕೇಳಿದ್ದು ಇಷ್ಟು: "ಬಿಇ ಮುಗಿಸಿ ಪಿಎಚ್‌ಡಿಗೆ ಸೇರೋಣ ಅಂತಿದ್ದೇನೆ. ಎಂಜಿನಿಯರಿಂಗ್ ಸಂಶೋಧನೆ ಮಾಡುವವರು ಯಾವಾಗ ನೋಡಿದರೂ ಟೈಮ್ ಇಲ್ಲ ಅಂತಾರೆ. ದಿನಾ ಅಷ್ಟೊಂದು ಏನು ಮಾಡ್ತೀರಾ? ಮನೆಮಠ ಅಂತ ಏನಾದರೂ ಉಳಿಯುತ್ತಾ?"

ನಾನು ಸಿವಿಲ್. ಪಾಠ ಮಾಡುತ್ತಾ ಅದೇ ಕ್ಯಾಂಪಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಕಂಪ್ಯೂಟರ್ ಸೈನ್ಸ್‌ನವರ ಕಥೆ ಬೇರೆ ಇರಬಹುದು. ನನಗೆ ಗೊತ್ತಿರುವುದು ಕಾಂಕ್ರೀಟ್ ಒಂದೇ.

ನನ್ನ ವಿಷಯ ಜಿಜಿಬಿಎಸ್. ತೋರಣಗಲ್ಲಿನಂಥ ಕಡೆ ಕಬ್ಬಿಣ ಕರಗಿಸುವಾಗ ಮೇಲೆ ಕಿಟ್ಟ ತೇಲುತ್ತದಲ್ಲ, ಅದನ್ನು ನೀರಲ್ಲಿ ತಣಿಸಿ ನುಣ್ಣಗೆ ಅರೆದ ಪುಡಿ ಇದು. ಸಿಮೆಂಟಿಗೆ ಸುಣ್ಣದ ಕಲ್ಲು ಸುಡಬೇಕು, ಸುಟ್ಟರೆ ಕಲ್ಲಿನೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಬಂದೇ ಬರುತ್ತದೆ. ಅದಕ್ಕೇ ಸಿಮೆಂಟಿನ ಒಂದು ಪಾಲು ತೆಗೆದು ಈ ಪುಡಿ ಹಾಕುವುದು. ಆದರೆ ಇದು ಸ್ವಲ್ಪ ಸೋಮಾರಿ. ಸಿಮೆಂಟ್ 28 ದಿನದಲ್ಲಿ ತೋರಿಸುವ ಗಟ್ಟಿತನವನ್ನು ಇದು ನಿಧಾನವಾಗಿ, ಎರಡು ಮೂರು ತಿಂಗಳು ತೆಗೆದುಕೊಂಡು ತೋರಿಸುತ್ತದೆ. ಹಾಗಾಗಿ ನಾನು 3, 7, 28, 56, 90 ದಿನಕ್ಕೆ ಮೂರು ಮೂರು ಕ್ಯೂಬ್ (ಅಚ್ಚಲ್ಲಿ ಹಾಕಿದ ಕಾಂಕ್ರೀಟ್ ಗಟ್ಟಿ) ಯಂತ್ರದಲ್ಲಿ ಒತ್ತಿ ಒಡೆದು ಗಟ್ಟಿತನ ನೋಡಬೇಕು. ಒಂದು ಮಿಕ್ಸ್‌ಗೆ 15 ಕ್ಯೂಬ್. ಪುಡಿಯ ಪ್ರಮಾಣ ಬದಲಿಸಿದ ಐದು ಮಿಕ್ಸ್ ಅಂದರೆ 75.

ನೀವು ಕೇಳಿದ ಬ್ಯುಸಿ ಶುರುವಾಗುವುದು ಇಲ್ಲೇ. ಕ್ಯೂಬ್‌ಗೆ ರಜೆ ಗೊತ್ತಿಲ್ಲ. ಸೋಮವಾರ ಕಾಸ್ಟಿಂಗ್, ಅಂದರೆ ಅಚ್ಚಿಗೆ ಕಾಂಕ್ರೀಟ್ ತುಂಬುವ ಕೆಲಸ, ಮಾಡಿ 90 ದಿನ ಎಣಿಸಿ ನೋಡಿ, ಭಾನುವಾರಕ್ಕೆ ಬಂದು ನಿಲ್ಲುತ್ತದೆ. ಗುರುವಾರ ಮಾಡಿದರೆ ಮೂರನೇ ದಿನ ಭಾನುವಾರ. ಶನಿವಾರ ಮಾಡಿದರೆ ಮಾರನೇ ದಿನ ಅಚ್ಚು ಬಿಚ್ಚಲು ಭಾನುವಾರವೇ ಬರಬೇಕು. ಉಳಿದದ್ದು ಮಂಗಳವಾರ, ಬುಧವಾರ, ಶುಕ್ರವಾರ. ಅದರಲ್ಲಿ ಮಂಗಳವಾರ, ಬುಧವಾರ ಬಿಇ ಹುಡುಗರಿಗೆ ಲ್ಯಾಬ್ ಕೊಟ್ಟಿರುತ್ತಾರೆ. ಅಂದರೆ ವಾರದಲ್ಲಿ ನನಗೆ ಸಿಗುವುದು ಒಂದೇ ಒಂದು ಶುಕ್ರವಾರ, ಅವತ್ತು ಹಬ್ಬ ಬಂದರೆ ಅದೂ ಇಲ್ಲ. ಈ ಲೆಕ್ಕ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ವರ್ಷ ಒಂದು ಭಾನುವಾರ ಬೀಗದ ಕೈಗಾಗಿ ಸೆಕ್ಯೂರಿಟಿಯವರ ಹಿಂದೆ ಅಲೆದಾಗ ಅರ್ಥವಾಯಿತು.

ಕಾಸ್ಟಿಂಗ್ ದಿನ ಬೆಳಿಗ್ಗೆ ಏಳೂವರೆಗೆ ಲ್ಯಾಬಲ್ಲಿರುತ್ತೇನೆ. ಅಚ್ಚಿಗೆ ಎಣ್ಣೆ ಸವರಬೇಕು, ನಟ್ಟು ಬಿಗಿ ಮಾಡಬೇಕು, ಎಂ-ಸ್ಯಾಂಡ್‌ನಲ್ಲಿ ಎಷ್ಟು ತೇವ ಇದೆ ನೋಡಿ ಅಷ್ಟು ನೀರು ಕಡಿಮೆ ಮಾಡಬೇಕು. ಒಂದು ಕ್ಯೂಬ್ 150 ಮಿಲಿಮೀಟರ್, ತೂಕ ಎಂಟು ಕಿಲೋ. ಹದಿನೈದಕ್ಕೆ 120 ಕಿಲೋ ಕಾಂಕ್ರೀಟ್, ನಮ್ಮ ಮಿಕ್ಸರ್‌ಗೆ ಒಂದೇ ಸಲಕ್ಕೆ ಹಿಡಿಯಲ್ಲ. ನಮ್ಮ ಅಟೆಂಡರ್ ಅಣ್ಣ ಮಿಕ್ಸರ್ ಸದ್ದು ಕೇಳಿಯೇ "ಮೇಡಂ, ನೀರು ಜಾಸ್ತಿ ಆಯ್ತು" ಅಂತಾರೆ. ಆಮೇಲೆ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ) ನೋಡಿದರೆ ಅವರ ಮಾತೇ ಸರಿ ಇರುತ್ತದೆ. ನನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಬಂದರೆ ಅರ್ಧ ಅವರಿಗೇ ಹೋಗಬೇಕು. ಕರಣೆಯಲ್ಲಿ ಮೇಲ್ಮೈ ನಯ ಮಾಡಿ ಕೈ ತೊಳೆಯುವ ಹೊತ್ತಿಗೆ ಹನ್ನೊಂದು, ಹನ್ನೊಂದೂಕಾಲಿಗೆ ಕ್ಲಾಸು. ಚೂಡಿದಾರದ ಮೇಲೆ ಸಿಮೆಂಟ್ ಇಟ್ಟುಕೊಂಡೇ ಪಾಠ.

ಒಡೆಯುವುದು ಎಷ್ಟು ಹೊತ್ತು ಗೊತ್ತಾ? ನಿಮಿಷಕ್ಕೆ ಪ್ರತಿ ಚದರ ಮಿಲಿಮೀಟರಿಗೆ 14 ನ್ಯೂಟನ್‌ನಂತೆ ಒತ್ತಡ ಏರಿಸಬೇಕು ಅಂತ ಕಾಂಕ್ರೀಟ್ ಪರೀಕ್ಷೆಯ ಭಾರತೀಯ ಮಾನದಂಡ ಐಎಸ್ 516 ಹೇಳುತ್ತದೆ. 50ಕ್ಕೆ ಒಡೆಯುವ ಕ್ಯೂಬ್ ಮೂರೂವರೆ ನಿಮಿಷದಲ್ಲಿ ಮುಗಿಯಿತು. 90 ದಿನ ನೀರಲ್ಲಿಟ್ಟು ಕಾದದ್ದು ಇಷ್ಟಕ್ಕೆ! ಸರಿಯಾಗಿ ಒಡೆದರೆ ನಾಲ್ಕೂ ಬದಿ ಉದುರಿ ಮಧ್ಯೆ ಡಮರುವಿನ ಆಕಾರ ಉಳಿಯುತ್ತದೆ. ಕಿಟ್ಟದ ಪುಡಿ ಹಾಕಿದ ಕಾಂಕ್ರೀಟಿನ ಒಳಗೆ ತಾಮ್ರದ ಕಿಲುಬಿನಂಥ ನೀಲಿ ಹಸಿರು ಬಣ್ಣ ಇರುತ್ತದೆ. ಗಾಳಿಗೆ ಬಿಟ್ಟರೆ ಮಾಸಿ ಹೋಗಿ ಮಾಮೂಲಿ ಬೂದು. ಆ ಬಣ್ಣ ನೋಡಲು ನನಗೆ ಈಗಲೂ ಇಷ್ಟ, ಫೋಟೋದಲ್ಲಿ ಅದು ಸರಿಯಾಗಿ ಬರಲ್ಲ.

ಉಳಿದ ಹೊತ್ತೆಲ್ಲ ಏನಾಗುತ್ತದೆ ಅಂದರೆ, ಕ್ಯೂಬ್ ದಿನಾಂಕ ಕದಲಿಸಲು ಆಗದ ಕಾರಣ ಕದಲುವ ಕೆಲಸಗಳೆಲ್ಲ ರಾತ್ರಿಗೆ ಹೋಗುತ್ತವೆ. ಇಂಟರ್ನಲ್ಸ್ ಬ್ಲೂ ಬುಕ್ ತಿದ್ದುವುದು, ಕೋರ್ಸ್ ಫೈಲ್, ಸಿಒ-ಪಿಒ ಮ್ಯಾಪಿಂಗ್ ಅನ್ನುವ ಕಾಗದದ ಕೆಲಸ (ಇದರ ಬಗ್ಗೆ ಮಾತಾಡಿದರೆ ಬೇರೆಯೇ ಉತ್ತರ ಬರೆಯಬೇಕಾಗುತ್ತದೆ, ಬಿಡಿ). ಸಂಶೋಧನೆ ಅಂದರೆ ಯೋಚನೆ ಮಾಡುವುದು ಅಂದುಕೊಂಡಿದ್ದೆ. ಯೋಚನೆ ನಡೆಯುವುದು ಬಸ್ಸಲ್ಲಿ, ಅದೂ ಸೀಟು ಸಿಕ್ಕರೆ.

ಎರಡನೇ ವರ್ಷ ಒಂದು ಘಟನೆ ಆಯಿತು. ಐದು ಶುಕ್ರವಾರ ಐದು ಮಿಕ್ಸ್ ಹಾಕಿ ಮುಗಿಸಿದ್ದೆ, ಕೊನೆಯ ಮಿಕ್ಸ್‌ನ 28ನೇ ದಿನವೂ ಮುಗಿದಿತ್ತು, ಕ್ಯೂಬ್ ನೆನೆಹಾಕುವ ನೀರಿನ ತೊಟ್ಟಿಯಲ್ಲಿ 27 ಕ್ಯೂಬ್ ಬಾಕಿ. ಪರೀಕ್ಷೆಯ ಉತ್ತರಪತ್ರಿಕೆ ವ್ಯಾಲ್ಯುಯೇಷನ್‌ಗೆ ನನ್ನನ್ನು ಬೇರೆ ಊರಿಗೆ ಹಾಕಿದರು, ಹೋದೆ. ಅಷ್ಟರಲ್ಲಿ ಯಾವುದೋ ಕಮಿಟಿ ಬರುತ್ತದೆ ಅಂತ ಕಾಲೇಜು ತೊಳೆಯುವ ಸಂಭ್ರಮ ಶುರುವಾಗಿದೆ. ತೊಟ್ಟಿಯ ನೀರು ಪಾಚಿ ಕಟ್ಟಿತ್ತು, ನಿಜ. ನೀರು ಖಾಲಿ ಮಾಡಿಸಿ, ತೊಟ್ಟಿ ತಿಕ್ಕಿಸಿ, ನನ್ನ ಕ್ಯೂಬ್‌ಗಳನ್ನು ಹೊರಗೆ ಹೊಂಗೆ ಮರದ ಕೆಳಗೆ ಸಾಲಾಗಿ ಜೋಡಿಸಿದ್ದಾರೆ, ತುಂಬಾ ಚೆನ್ನಾಗಿ ಜೋಡಿಸಿದ್ದರು ಅನ್ನಿ, ಒಂದು ಇಂಚು ಆಚೀಚೆ ಇಲ್ಲ. ನಾನು ಬರುವ ಹೊತ್ತಿಗೆ ನಾಲ್ಕು ದಿನ ಒಣಗಿದ್ದವು. ತೇವ ಇಲ್ಲದೆ ಕಿಟ್ಟದ ಪುಡಿ ಕೆಲಸ ಮಾಡಲ್ಲ, ಆ ಫಲಿತಾಂಶ ಎಲ್ಲಿಯೂ ಬರೆಯುವ ಹಾಗಿಲ್ಲ. ಬರೀ 27 ಮತ್ತೆ ಹಾಕಿದರೂ ಸಾಲದು, ಹಳೆಯ ಸಿಮೆಂಟ್ ಚೀಲ ಮುಗಿದಿತ್ತು, ಹೊಸ ಚೀಲದ ಸಿಮೆಂಟನ್ನು ಹಳೆಯದರ ಜೊತೆ ಹೋಲಿಸಲು ಆಗಲ್ಲ. 75ನ್ನೂ ಮತ್ತೆ ಹಾಕಿದೆ. ಅಟೆಂಡರ್ ಅಣ್ಣ ಎರಡು ದಿನ ನನ್ನ ಮುಖ ನೋಡಲಿಲ್ಲ. ಪಾಪ, ಅವರಿಗೆ ಆರ್ಡರ್ ಮೇಲಿಂದ ಬಂದಿತ್ತು.

ಆ 75ರ ಪೇಪರ್ ಜರ್ನಲ್‌ಗೆ ಕಳಿಸಿದಾಗ ಒಬ್ಬ ರಿವ್ಯೂವರ್ 180 ದಿನದ ಫಲಿತಾಂಶ ಯಾಕಿಲ್ಲ ಅಂತ ಕೇಳಿದರು. ಉತ್ತರಕ್ಕೆ ಕೊಟ್ಟ ಗಡುವು 21 ದಿನ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸಾಧ್ಯವಾದರೆ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ತೆಗೆದುಕೊಂಡು ಪೂರ್ಣಾವಧಿ ಸೇರಿ. 2023ರ ಜನವರಿಯಿಂದ ಅದು ತಿಂಗಳಿಗೆ 37,000, ಎರಡು ವರ್ಷದ ನಂತರ ಅದರ ಮುಂದಿನ ಹಂತ ಎಸ್‌ಆರ್‌ಎಫ್ ಆದರೆ 42,000. ನನ್ನ ಹಾಗೆ ಪಾಠದ ಜೊತೆ ಮಾಡಿದರೆ ಸಂಬಳ ಇರುತ್ತದೆ, ನಿದ್ದೆ ಇರಲ್ಲ.

ಇನ್ನು ಮನೆಮಠ. ಉಳಿಯುತ್ತದೆ, ಆದರೆ ಮನೆಯವರೂ ಎಣಿಸಲು ಕಲಿಯಬೇಕು. ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಈಗ ನನ್ನ ದಿನಾಂಕಗಳಿಗೂ ಸುತ್ತು ಹಾಕಿರುತ್ತಾರೆ. ತಂಗಿಯ ಸೀಮಂತಕ್ಕೆ ಪುರೋಹಿತರು ಎರಡು ದಿನ ಕೊಟ್ಟಿದ್ದರು, ಮೊದಲನೆಯದು ನನ್ನ 56ನೇ ದಿನಕ್ಕೆ ಬಿದ್ದಿತ್ತು. ಅಮ್ಮ ಎರಡನೆಯದನ್ನೇ ಗೊತ್ತು ಮಾಡಿದರು. ಯಾಕೆ ಅಂತ ಕೇಳಿದ ದೊಡ್ಡಮ್ಮನಿಗೆ "ಅವತ್ತು ಅವಳದ್ದು ಒಡೆಯೋದಿದೆ" ಅಂದರಂತೆ. ಯಾವ ದೇವಸ್ಥಾನದಲ್ಲಿ ಈಡುಗಾಯಿ ಹರಕೆ ಅಂತ ದೊಡ್ಡಮ್ಮ ವಿಚಾರಿಸಿದರಂತೆ.